ಹೋಮ್‌ಸ್ಕೂಲ್ ಮಕ್ಕಳಿಗೆ ಕಾಲೇಜು ಸೀಟು: ಮಂಗಳೂರು–ಉಡುಪಿಯ ಪೋಷಕರಿಗೊಂದು ಸಮಗ್ರ ಮಾರ್ಗದರ್ಶಿ

ಮೇ ತಿಂಗಳಲ್ಲಿ ಕರಾವಳಿಯ ಯಾವ ಪಿಯು ಕಾಲೇಜಿನ ಆಫೀಸಿಗೆ ಹೋದರೂ ಕೌಂಟರಿನಲ್ಲಿ ಮೊದಲು ಕೇಳುವುದು ಮಾರ್ಕ್ಸ್‌ಕಾರ್ಡ್, ಎರಡನೆಯದು ಟಿಸಿ. ಮಗಳು ಎಷ್ಟು ಪುಸ್ತಕ ಓದಿದ್ದಾಳೆ, ಹಿತ್ತಲಿನ ಹಕ್ಕಿಗಳನ್ನೆಲ್ಲ ಹೆಸರಿಟ್ಟು ಗುರುತಿಸುತ್ತಾಳೆಯೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಕೇಳಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ, ಹಿಂದೆ ನೂರು ಮಂದಿ ಸಾಲು ನಿಂತಿರುತ್ತಾರೆ.

ಮನೆಯಲ್ಲೇ ಕಲಿತ ಮಕ್ಕಳಿಗೆ ಕಾಲೇಜು ಸಿಗುತ್ತದೆಯೇ? ಸಿಗುತ್ತದೆ. ಬಿಕಾಂ, ಬಿಎಸ್ಸಿ, ಇಂಜಿನಿಯರಿಂಗ್, ವೈದ್ಯಕೀಯ, ಕಾನೂನು, ಯಾವುದಕ್ಕೂ ಕಾನೂನಿನ ಅಡ್ಡಿಯಿಲ್ಲ. ಎಡವುವುದು ಎರಡು ಕಡೆ: ಪರೀಕ್ಷೆಯ ತಿಂಗಳು ತಪ್ಪಿ ಆರಿಸುವುದರಿಂದ, ಮತ್ತು ಸರ್ಕಾರಿ ಕೋಟಾದ ಸೀಟಿಗೆ ಬೇಕಾದ, ಕರ್ನಾಟಕದಲ್ಲಿ ‘ಏಳು ವರ್ಷ’ ಓದಿದ ಕಾಗದ ಇಲ್ಲದಿರುವುದರಿಂದ. ಎರಡೂ ಮಗುವಿಗೆ 13–14 ತುಂಬುವ ಹೊತ್ತಿಗೇ ತೀರ್ಮಾನವಾಗಬೇಕಾದ ಸಂಗತಿಗಳು. 17ಕ್ಕೆ ಎಚ್ಚರವಾದರೆ ಉಳಿಯುವುದು ಹೆಚ್ಚಾಗಿ ದುಡ್ಡು ಕೊಟ್ಟು ಕೊಳ್ಳುವ ಸೀಟುಗಳು.

ಹಂತ 1: ಕೊನೆಯ ಬಾಗಿಲಿನಿಂದ ಹಿಂದಕ್ಕೆ ಲೆಕ್ಕ ಹಾಕಿ

ಮೊದಲು ಯಾವ ಬಾಗಿಲು ಏನು ಕೇಳುತ್ತದೆ ಎಂದು ತಿಳಿದುಕೊಳ್ಳಿ.

ಮಂಗಳೂರು ವಿಶ್ವವಿದ್ಯಾನಿಲಯದ ಅಡಿಯಲ್ಲಿರುವ ಪದವಿ ಕಾಲೇಜುಗಳು, ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜಾಗಲಿ, ಉಡುಪಿಯ ಎಂಜಿಎಂ, ಪೂರ್ಣಪ್ರಜ್ಞ ಆಗಲಿ, ಕೇಳುವುದು ಮಾನ್ಯತೆ ಪಡೆದ ಮಂಡಳಿಯ ಹನ್ನೆರಡನೇ ತರಗತಿಯ ಅಂಕಪಟ್ಟಿ. ಕರ್ನಾಟಕ ಪಿಯು ಬಿಟ್ಟು ಬೇರೆ ಮಂಡಳಿಯದಾದರೆ ಜೊತೆಗೆ ಮೈಗ್ರೇಷನ್ ಪತ್ರ (ಮಂಡಳಿ ಬದಲಿಸುವಾಗ ಹಳೆಯ ಮಂಡಳಿ ಕೊಡುವ ಪತ್ರ) ಮತ್ತು ವಿಶ್ವವಿದ್ಯಾನಿಲಯದ ಅರ್ಹತಾ ಪತ್ರ. ಬಿಎ, ಬಿಕಾಂ, ಬಿಎಸ್ಸಿ, ಬಿಸಿಎ ಓದುವ ಮಕ್ಕಳಿಗೆ ಇಲ್ಲಿ ದೊಡ್ಡ ತೊಡಕೇನೂ ಇಲ್ಲ.

ತಾವೇ ಪದವಿ ಕೊಡುವ ಡೀಮ್ಡ್ ವಿಶ್ವವಿದ್ಯಾಲಯಗಳು ನಮ್ಮ ಎರಡು ಜಿಲ್ಲೆಗಳಲ್ಲಿ ಧಾರಾಳವಾಗಿವೆ. ಮಣಿಪಾಲದ ಮಾಹೆ, ನಿಟ್ಟೆ, ಯೆನೆಪೋಯ, 2024ರಿಂದ ಸೇಂಟ್ ಅಲೋಶಿಯಸ್ ಕೂಡ. ಇವು ನಡೆಸುವುದು ಅಖಿಲ ಭಾರತ ಮಟ್ಟದ ಪ್ರವೇಶ. ನೀವು ಯಾವ ರಾಜ್ಯದಲ್ಲಿ ಎಷ್ಟು ವರ್ಷ ಶಾಲೆಗೆ ಹೋದಿರಿ ಎಂಬುದು ಪ್ರಶ್ನೆಯಲ್ಲ. ಮಾಹೆಯ ಬಿಟೆಕ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದಲ್ಲಿ ಒಟ್ಟು ಶೇ. 50 ಅಂಕ, ಇಂಗ್ಲಿಷ್ ಒಂದು ವಿಷಯವಾಗಿ ಓದಿರಬೇಕು, ಜೊತೆಗೆ ಅವರದೇ ಪ್ರವೇಶ ಪರೀಕ್ಷೆ. ಶುಲ್ಕ ಮಾತ್ರ ಡೀಮ್ಡ್ ಶುಲ್ಕವೇ, ಅಂದರೆ ದುಬಾರಿ.

ರಾಷ್ಟ್ರಮಟ್ಟದ ಪರೀಕ್ಷೆಗಳಾದ ಜೆಇಇ ಮೇನ್ (ಇಂಜಿನಿಯರಿಂಗ್), ನೀಟ್ (ವೈದ್ಯಕೀಯ), ಸಿಯುಇಟಿ (ಕೇಂದ್ರೀಯ ವಿಶ್ವವಿದ್ಯಾಲಯಗಳು), ಕ್ಲ್ಯಾಟ್ (ಕಾನೂನು) ಎಲ್ಲವೂ ಮುಕ್ತ ಶಾಲೆಯ (ಮನೆಯಿಂದಲೇ ಓದಿ ಪರೀಕ್ಷೆ ಬರೆಯಲು ಬಿಡುವ ಮಂಡಳಿಯ) ಪ್ರಮಾಣಪತ್ರವನ್ನು ಒಪ್ಪುತ್ತವೆ. ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳ ಕಾಮೆಡ್‌-ಕೆ ಕೂಡ ಹೊರರಾಜ್ಯದವರಿಗೂ ತೆರೆದ ಪರೀಕ್ಷೆ.

ಉಳಿದದ್ದು ರಾಜ್ಯದ ಪರೀಕ್ಷಾ ಪ್ರಾಧಿಕಾರವಾದ ಕೆಇಎ ನಡೆಸುವ ಸಿಇಟಿ. ಸರ್ಕಾರಿ ಶುಲ್ಕದ ಇಂಜಿನಿಯರಿಂಗ್, ಕೃಷಿ, ಪಶುವೈದ್ಯ, ಮಂಗಳೂರಿನ ಮೀನುಗಾರಿಕೆ ಕಾಲೇಜು, ಫಾರ್ಮಸಿ, ಎಲ್ಲವೂ ಈ ಬಾಗಿಲಿನ ಒಳಗೆ. ಹೋಮ್‌ಸ್ಕೂಲ್ ಕುಟುಂಬಗಳು ಮುಗ್ಗರಿಸುವುದು ಇದೇ ಹೊಸ್ತಿಲಲ್ಲಿ. ಹಾಗಾಗಿ ಇದನ್ನೇ ಮೊದಲು ಬಿಡಿಸಿ ನೋಡೋಣ.

ಹಂತ 2: ಏಳು ವರ್ಷದ ಲೆಕ್ಕ ಬರೆದಿಡಿ

ಕರ್ನಾಟಕದ ಅಭ್ಯರ್ಥಿ ಎಂದು ಸಿಇಟಿಯಲ್ಲಿ ಪರಿಗಣಿಸಲು ಇರುವ ಮುಖ್ಯ ನಿಯಮ ಇದು: ಒಂದನೇ ತರಗತಿಯಿಂದ ದ್ವಿತೀಯ ಪಿಯು ಒಳಗೆ ಕನಿಷ್ಠ ಏಳು ಶೈಕ್ಷಣಿಕ ವರ್ಷ ಕರ್ನಾಟಕದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಓದಿರಬೇಕು, ಮತ್ತು ಹತ್ತು ಅಥವಾ ಹನ್ನೆರಡನ್ನು ಕರ್ನಾಟಕದಲ್ಲಿ ಪಾಸಾಗಿರಬೇಕು. ಸಾಕ್ಷಿಗೆ ಶಾಲೆ ಕೊಟ್ಟ ವ್ಯಾಸಂಗ ಪತ್ರ, ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜು.

ಹುಟ್ಟಿದ್ದು ಕುಂದಾಪುರದಲ್ಲೇ, ಆಧಾರ್ ಕಾರ್ಕಳದ್ದೇ, ಮನೆಯಲ್ಲಿ ತುಳು ಬಿಟ್ಟು ಬೇರೆ ಮಾತಿಲ್ಲ, ಆದರೂ ಈ ಲೆಕ್ಕದಲ್ಲಿ ಮಗು ‘ಹೊರಗಿನವ’ ಆಗಬಹುದು. ಇಲ್ಲಿ ಎಣಿಸುವುದು ವಾಸದ ವರ್ಷಗಳನ್ನಲ್ಲ, ಓದಿದ ವರ್ಷಗಳನ್ನು.

ಈ ವರ್ಷಗಳು ಒಂದರ ಹಿಂದೆ ಒಂದಾಗಿ ಬರಬೇಕಿಲ್ಲ. ಹಾಗಾಗಿ ಒಂದು ಹಾಳೆ ತೆಗೆದು ಬರೆಯಿರಿ.

ಮಗು ಐದನೇ ತರಗತಿವರೆಗೆ ಮಂಗಳೂರಿನ ಶಾಲೆಗೆ ಹೋಗಿ ಆಮೇಲೆ ಬಿಟ್ಟಿದ್ದರೆ: ಒಂದರಿಂದ ಐದು, ಐದು ವರ್ಷ. ಹತ್ತನೆಯದನ್ನು ಮನೆಯಿಂದ ಮುಗಿಸಿ ಪ್ರಥಮ, ದ್ವಿತೀಯ ಪಿಯುವನ್ನು ಇಲ್ಲಿಯ ಕಾಲೇಜಿನಲ್ಲಿ ಓದಿದರೆ ಇನ್ನೆರಡು. ಏಳು ತುಂಬಿತು. ಹನ್ನೆರಡೂ ಕರ್ನಾಟಕದಲ್ಲೇ ಪಾಸಾಯಿತು. ಎಲ್‌ಕೆಜಿ, ಯುಕೆಜಿ ಲೆಕ್ಕಕ್ಕಿಲ್ಲ.

ಮೂರನೇ ತರಗತಿಗೇ ಬಿಟ್ಟಿದ್ದರೆ ಮೂರು ಮತ್ತು ಎರಡು, ಐದೇ ಆಗುತ್ತದೆ. ಇಂಥವರಿಗೆ ಇನ್ನೊಂದು ದಾರಿ ಇದೆ: ಮಗು ಪ್ರಥಮ ಮತ್ತು ದ್ವಿತೀಯ ಪಿಯು ಕರ್ನಾಟಕದ ಮಾನ್ಯ ಕಾಲೇಜಿನಲ್ಲಿ ಓದಿ ಪಾಸಾಗಿ, ಅಪ್ಪ ಅಮ್ಮನಲ್ಲಿ ಒಬ್ಬರು ಕರ್ನಾಟಕದಲ್ಲಿ ಏಳು ವರ್ಷ ಓದಿದ್ದರೆ, ಆ ನಿಯಮದಡಿ ಅರ್ಜಿ ಹಾಕಬಹುದು. ಆಗ ಬಿಇಒ ಕಚೇರಿಗೆ ಹೋಗಬೇಕಾದದ್ದು ಅಮ್ಮನ ಅಥವಾ ಅಪ್ಪನ ಹಳೆಯ ಶಾಲೆಯ ವ್ಯಾಸಂಗ ಪತ್ರ. ಆ ಶಾಲೆ ಮುಚ್ಚಿದ್ದರೆ, ಬೇರೆ ಶಾಲೆಯೊಂದಿಗೆ ವಿಲೀನವಾಗಿದ್ದರೆ ದಾಖಲೆ ಪುಸ್ತಕ ಎಲ್ಲಿದೆ ಎಂದು ಹುಡುಕುವುದಕ್ಕೇ ವಾರಗಳು ಹಿಡಿಯುತ್ತವೆ. ಸಿಇಟಿ ಅರ್ಜಿ ಬಂದ ಮೇಲೆ ಓಡಾಡುವ ಕೆಲಸ ಇದಲ್ಲ. ಮಗು ಪ್ರಥಮ ಪಿಯುಗೆ ಸೇರಿದ ವರ್ಷವೇ ಮಾಡಿ ಮುಗಿಸಿ.

ಒಟ್ಟಿನಲ್ಲಿ ಸಿಇಟಿ ಮನಸ್ಸಿನಲ್ಲಿದ್ದರೆ ಹನ್ನೊಂದು–ಹನ್ನೆರಡಕ್ಕೆ ನಿಜವಾದ ಪಿಯು ಕಾಲೇಜು ಸೇರುವುದೇ ಸುರಕ್ಷಿತ. ಮುಕ್ತ ಶಾಲೆಯ ಅಧ್ಯಯನ ಕೇಂದ್ರದಲ್ಲಿ ಹೆಸರು ನೋಂದಾಯಿಸಿದ್ದನ್ನು ‘ಶಾಲೆಯಲ್ಲಿ ಓದಿದ ವರ್ಷ’ ಎಂದು ಹಿಡಿದು ಯೋಜನೆ ಹಾಕಬೇಡಿ. ಪ್ರತಿ ವರ್ಷ ಕೆಇಎ ಹೊರಡಿಸುವ ಮಾಹಿತಿ ಪುಸ್ತಿಕೆಯಲ್ಲಿ ಅರ್ಹತೆಯ ಅಧ್ಯಾಯವನ್ನು ಪೂರ್ತಿ ಓದಿ. ಪರಿಚಯದವರ ವಾಟ್ಸ್‌ಆ್ಯಪ್ ಸಂದೇಶದ ಮೇಲೆ ತೀರ್ಮಾನ ಬೇಡ.

ಗ್ರಾಮೀಣ ಮೀಸಲಾತಿ ಮತ್ತು ಕನ್ನಡ ಮಾಧ್ಯಮ ಮೀಸಲಾತಿಯ ಆಸೆ ಬಿಟ್ಟುಬಿಡಿ. ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಶಾಲೆಯಲ್ಲೇ ಓದಿದ ದಾಖಲೆ ಬೇಕು. ಬೆಳ್ತಂಗಡಿಯ ಮೂಲೆಯ ಮನೆಯಲ್ಲಿ ಕನ್ನಡದಲ್ಲೇ ಕಲಿತ ಮಗುವಿಗೂ ಅದು ಸಿಗುವುದಿಲ್ಲ. ಅನ್ಯಾಯ ಅನ್ನಿಸಬಹುದು, ನಿಯಮ ಹಾಗಿದೆ. ಜಾತಿ ಮೀಸಲಾತಿಗೆ ಈ ತೊಡಕಿಲ್ಲ. ಆದರೆ ಅದೂ ಕರ್ನಾಟಕದ ಅಭ್ಯರ್ಥಿ ಎಂದಾದ ಮೇಲೆ ಮಾತ್ರ.

ಮೀನುಗಾರಿಕೆ ಕಾಲೇಜನ್ನೇ ನೋಡಿ. 1969ರಲ್ಲಿ ಶುರುವಾದ, ದೇಶದ ಮೊದಲ ಮೀನುಗಾರಿಕೆ ಕಾಲೇಜು ಅದು, ಇರುವುದು ನಮ್ಮ ಊರಿನಲ್ಲೇ. ಮಲ್ಪೆ ಬಂದರಿನಲ್ಲಿ ಮೀನಿನ ಜಾತಿಗಳನ್ನು ಕೈಯಾರೆ ಮುಟ್ಟಿ ಕಲಿತ ಹುಡುಗನಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಸಿಇಟಿಯ ಏಳು ವರ್ಷ ಕೈಕೊಟ್ಟರೆ? ಕೃಷಿ ಸಂಬಂಧಿ ವಿಶ್ವವಿದ್ಯಾಲಯಗಳ ಶೇ. 20 ಸೀಟು ಕೇಂದ್ರದ ಕೃಷಿ ಸಂಶೋಧನಾ ಮಂಡಳಿಯಾದ ಐಸಿಎಆರ್‌ನ ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ, ಅದಕ್ಕೆ ಈಗ ಸಿಯುಇಟಿ ಅಂಕವೇ ಆಧಾರ. ಆ ದಾರಿ ಕಿರಿದು, ಯಾವ ರಾಜ್ಯದ ಕಾಲೇಜು ಸಿಗುತ್ತದೆ ಎಂದು ಹೇಳಲಾಗದು, ಆದರೆ ದಾರಿಯಂತೂ ಇದೆ.

ಹಂತ 3: ಹತ್ತನೇ ತರಗತಿಗೆ ಮಂಡಳಿ ಆರಿಸಿ

ಆಯ್ಕೆ ಮುಖ್ಯವಾಗಿ ಎರಡು.

ಒಂದು, ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಎಲ್ಲರೂ ಕರೆಯುವಂತೆ ಎನ್‌ಐಒಎಸ್. ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯ ಮಂಡಳಿ, 1989ರಲ್ಲಿ ಆರಂಭ. ಹತ್ತನೆಯದಕ್ಕೆ 14 ವರ್ಷ, ಹನ್ನೆರಡನೆಯದಕ್ಕೆ 15 ವರ್ಷ ತುಂಬಿರಬೇಕು. ಹತ್ತಕ್ಕೆ ಸೇರಲು ಎಂಟನೇ ತರಗತಿಯ ಟಿಸಿ ಇಲ್ಲದಿದ್ದರೂ ನಡೆಯುತ್ತದೆ, ಆ ಮಟ್ಟದ ಓದು ಆಗಿದೆ ಎಂಬ ಸ್ವಯಂ ಘೋಷಣೆ ಸಾಕು. ಹೋಮ್‌ಸ್ಕೂಲ್ ಮಕ್ಕಳು ಹೆಚ್ಚಾಗಿ ಇಲ್ಲಿಗೇ ಬರುವುದಕ್ಕೆ ಈ ಒಂದು ಸಾಲೇ ಕಾರಣ.

ಎರಡು, ಖಾಸಗಿ ಅಭ್ಯರ್ಥಿಯಾಗಿ ರಾಜ್ಯದ ಎಸ್ಸೆಸ್ಸೆಲ್ಸಿ. 15 ತುಂಬಿದವರು ಹತ್ತಿರದ ಪ್ರೌಢಶಾಲೆಯ ಮೂಲಕ ನೋಂದಾಯಿಸಿಕೊಂಡು ಬರೆಯಬಹುದು. ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ, ಒಟ್ಟು ಆರು ಪತ್ರಿಕೆ. ಹೊರೆ ಹೆಚ್ಚು. ಆದರೆ ಫಲಿತಾಂಶ ಊರಿನ ಎಲ್ಲ ಮಕ್ಕಳ ಜೊತೆಗೇ ಬರುತ್ತದೆ, ಪಿಯು ಕಾಲೇಜಿನ ಆಫೀಸಿಗೆ ಆ ಮಾರ್ಕ್ಸ್‌ಕಾರ್ಡ್ ಹೊಸದಲ್ಲ, ಬೇರೆ ಮಂಡಳಿಯವರಿಗಿರುವ ಅರ್ಹತಾ ಪತ್ರದ ಓಡಾಟವಿಲ್ಲ. ಮಗುವಿನ ಕನ್ನಡ ಗಟ್ಟಿಯಿದ್ದು, ಮುಂದಿನ ದಾರಿ ಸ್ಥಳೀಯ ಪಿಯು ಎಂದು ಖಚಿತವಿದ್ದರೆ ಎನ್‌ಐಒಎಸ್‌ಗಿಂತ ಇದೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಹೋಮ್‌ಸ್ಕೂಲ್ ಎಂದರೆ ಎನ್‌ಐಒಎಸ್ ಎಂದೇ ಭಾವಿಸಿ ಹಲವರು ಈ ದಾರಿಯನ್ನು ನೋಡುವುದೇ ಇಲ್ಲ.

ಕೇಂಬ್ರಿಜ್‌ನ ಐಜಿಸಿಎಸ್‌ಇ ಕೂಡ ಇದೆ. ಖಾಸಗಿ ಅಭ್ಯರ್ಥಿಯನ್ನು ಒಪ್ಪುವ ಕೇಂದ್ರ ಹುಡುಕಬೇಕು, ಪ್ರತಿ ವಿಷಯಕ್ಕೆ ಶುಲ್ಕ ದುಬಾರಿ, ಕೊನೆಗೆ ತತ್ಸಮಾನ ಪತ್ರದ ತಾಪತ್ರಯ. ಹೊರದೇಶದ ಓದೇ ಗುರಿಯಾಗಿಲ್ಲದಿದ್ದರೆ ಬೇಡ.

ಹಂತ 4: ಅಕ್ಟೋಬರ್ ಪರೀಕ್ಷೆ ಆರಿಸಿ, ಏಪ್ರಿಲ್ ಅಲ್ಲ

ಎನ್‌ಐಒಎಸ್ ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಸುತ್ತದೆ: ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್. ಮೊದಲನೆಯದಕ್ಕೆ ಹಿಂದಿನ ವರ್ಷದ ಮಾರ್ಚ್ ಮಧ್ಯದಿಂದ ಜುಲೈ ಕೊನೆಯೊಳಗೆ, ಎರಡನೆಯದಕ್ಕೆ ಹಿಂದಿನ ಸೆಪ್ಟೆಂಬರ್ ಮಧ್ಯದಿಂದ ಜನವರಿ ಕೊನೆಯೊಳಗೆ ಅಡ್ಮಿಷನ್.

ಏಪ್ರಿಲ್–ಮೇ ಪರೀಕ್ಷೆಯ ಫಲಿತಾಂಶ ಬರುವುದು ಜೂನ್ ಹೊತ್ತಿಗೆ. ಅಷ್ಟರಲ್ಲಿ ಇಲ್ಲಿ ಏನಾಗಿರುತ್ತದೆ? ದ್ವಿತೀಯ ಪಿಯು ಫಲಿತಾಂಶ ಏಪ್ರಿಲ್‌ನಲ್ಲಿ, ಎಸ್ಸೆಸ್ಸೆಲ್ಸಿ ಫಲಿತಾಂಶ ಮೇ ತಿಂಗಳಲ್ಲಿ ಬಂದು, ಹೆಸರಾದ ಕಾಲೇಜುಗಳ ಸೀಟುಗಳು ತುಂಬಿ, ಪಿಯು ತರಗತಿಗಳೇ ಶುರುವಾಗಿರುತ್ತವೆ. ಇದು ಫಲಿತಾಂಶಕ್ಕೆ ಹೆಸರಾದ ಸೀಮೆ. ದ್ವಿತೀಯ ಪಿಯುನಲ್ಲಿ 2024ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಅದಲು ಬದಲು. ಬೇರೆ ಜಿಲ್ಲೆಗಳಿಂದಲೂ ಮಕ್ಕಳು ಇಲ್ಲಿಗೆ ಬಂದು ಸೇರುತ್ತಾರೆ. ನಿಮ್ಮ ಮಾರ್ಕ್ಸ್‌ಕಾರ್ಡ್ ಬರಲಿ ಎಂದು ಯಾವ ಪ್ರಾಂಶುಪಾಲರೂ ಸೀಟು ಹಿಡಿದಿಟ್ಟು ಕಾಯುವುದಿಲ್ಲ.

ಅಕ್ಟೋಬರ್–ನವೆಂಬರ್ ಪರೀಕ್ಷೆ ಬರೆದವರ ಕೈಯಲ್ಲಿ ಸಾಮಾನ್ಯವಾಗಿ ಡಿಸೆಂಬರ್–ಜನವರಿಗೆ ಫಲಿತಾಂಶ ಇರುತ್ತದೆ. ಮೈಗ್ರೇಷನ್, ಅರ್ಹತಾ ಪತ್ರ, ಹೆಸರಿನ ತಿದ್ದುಪಡಿ ಎಲ್ಲಕ್ಕೂ ನಾಲ್ಕೈದು ತಿಂಗಳು ಸಿಗುತ್ತದೆ.

ಉದಾಹರಣೆಗೆ 2012ರ ಮೇ ತಿಂಗಳಲ್ಲಿ ಹುಟ್ಟಿದ ಹುಡುಗಿ. 2026ರ ಸೆಪ್ಟೆಂಬರ್‌ಗೆ 14 ದಾಟಿರುತ್ತದೆ, ಸೆಪ್ಟೆಂಬರ್–ಜನವರಿಯ ಅಡ್ಮಿಷನ್ ಅವಧಿಯಾದ ಎರಡನೇ ಬ್ಲಾಕ್‌ನಲ್ಲಿ ಹತ್ತಕ್ಕೆ ಸೇರಿಸಿ. 2027ರ ಅಕ್ಟೋಬರ್‌ನಲ್ಲಿ ಪರೀಕ್ಷೆ. 2028ರ ಮೇ–ಜೂನ್‌ನಲ್ಲಿ ಪ್ರಥಮ ಪಿಯು, 2030ರ ವಸಂತದಲ್ಲಿ ದ್ವಿತೀಯ ಪಿಯು ಪರೀಕ್ಷೆ, ಆ ಮಳೆಗಾಲಕ್ಕೆ 18ರ ವಯಸ್ಸಿನಲ್ಲಿ ಪದವಿ ಕಾಲೇಜು. ಪಿಯು ಬೇಡ, ಹನ್ನೆರಡೂ ಎನ್‌ಐಒಎಸ್‌ನಲ್ಲೇ ಎಂದರೆ 2029ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಮುಗಿಸಿ ಅವಳೂ 2030ಕ್ಕೇ ಕಾಲೇಜು ಸೇರುತ್ತಾಳೆ. ಎರಡು ದಾರಿಯೂ ಒಂದೇ ವರ್ಷಕ್ಕೆ ಬಂದು ಸೇರುವುದರಿಂದ ಯಾವುದು ಎಂಬ ತೀರ್ಮಾನವನ್ನು ಹತ್ತರ ಫಲಿತಾಂಶದವರೆಗೆ ಮುಂದೂಡಬಹುದು.

ಹತ್ತು ಮತ್ತು ಹನ್ನೆರಡರ ನಡುವೆ ಎರಡು ವರ್ಷದ ಅಂತರ ಎನ್‌ಐಒಎಸ್‌ನಲ್ಲೂ ಕಡ್ಡಾಯ. ಒಂದು ವರ್ಷದ ನಂತರ ನಾಲ್ಕು ವಿಷಯಗಳವರೆಗೆ ಬರೆಯಲು ಬಿಡುತ್ತಾರೆ, ಐದನೆಯದು ಎರಡು ವರ್ಷ ತುಂಬಿದ ಮೇಲೆ. ‘ಬುದ್ಧಿವಂತ ಮಗು, ಒಂದೇ ವರ್ಷದಲ್ಲಿ ಮುಗಿಸಿಬಿಡುತ್ತೇವೆ’ ಎಂಬ ಯೋಜನೆ ಇಲ್ಲಿ ಮುರಿಯುತ್ತದೆ. ನೀಟ್‌ಗಂತೂ ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಲೇಬೇಕು, ಅವಸರ ಮಾಡಿ ಪ್ರಯೋಜನವಿಲ್ಲ.

ಇನ್ನೊಂದು ಮಾಮೂಲಿ ಎಡವಟ್ಟು: ಅಡ್ಮಿಷನ್ ಆದ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಸೇರಿದಂತಲ್ಲ. ಪರೀಕ್ಷೆಯ ನೋಂದಣಿ ಮತ್ತು ಶುಲ್ಕ ಬೇರೆ, ಅದಕ್ಕೆ ಬೇರೆ ಕಿಟಕಿ ತೆರೆಯುತ್ತದೆ, ಕೆಲವೇ ವಾರ ಇರುತ್ತದೆ. ಅದು ತಪ್ಪಿದರೆ ಆರು ತಿಂಗಳು ಹೋಯಿತು. ಅರ್ಜಿಯಲ್ಲಿ ಸೈಬರ್ ಸೆಂಟರಿನವರ ಮೊಬೈಲ್ ನಂಬರ್, ಇಮೇಲ್ ಕೊಟ್ಟವರಿಗೆ ಈ ಸಂದೇಶ ತಲುಪುವುದೇ ಇಲ್ಲ. ನಿಮ್ಮದೇ ನಂಬರ್ ಕೊಡಿ.

ಹಂತ 5: ವಿಷಯಗಳನ್ನು ಮುಂದಿನ ಬಾಗಿಲು ನೋಡಿ ಆರಿಸಿ

ಎನ್‌ಐಒಎಸ್ ಹತ್ತರಲ್ಲಿ ಕನಿಷ್ಠ ಐದು ವಿಷಯ, ಗರಿಷ್ಠ ಏಳು. ಭಾಷೆ ಒಂದಾದರೂ ಬೇಕು, ಎರಡರವರೆಗೆ ತೆಗೆದುಕೊಳ್ಳಬಹುದು. ಗಣಿತ ಕಷ್ಟ ಎಂದು ಬಿಟ್ಟು ಗೃಹವಿಜ್ಞಾನ, ಡೇಟಾ ಎಂಟ್ರಿ, ಚಿತ್ರಕಲೆ ಸೇರಿಸಿ ಸುಲಭವಾಗಿ ಪಾಸಾಗುವ ದಾರಿಯೂ ಇದೆ. ಅದು ಪಾಸು ಹೌದು. ವಿಜ್ಞಾನ ಪಿಯು, ಪಾಲಿಟೆಕ್ನಿಕ್ ಎರಡರ ಬಾಗಿಲೂ ಅಲ್ಲೇ ಮುಚ್ಚಿತು.

ಮಗುವಿಗೆ ಮುಂದೆ ಏನು ಬೇಕೋ ಇನ್ನೂ ಗೊತ್ತಿಲ್ಲ ಎಂದಾದರೆ ಈ ಐದನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಿ: ಇಂಗ್ಲಿಷ್ (202), ಕನ್ನಡ (208), ಗಣಿತ (211), ವಿಜ್ಞಾನ (212), ಸಮಾಜ ವಿಜ್ಞಾನ (213). ಇಷ್ಟದ ವಿಷಯವೊಂದನ್ನು ಆರನೆಯದಾಗಿ ಸೇರಿಸಿ. ಎರಡು ಭಾಷೆ ಇದ್ದರೆ ಪಿಯುನಲ್ಲಿ ಭಾಷೆ ಆರಿಸುವಾಗ ಪ್ರಶ್ನೆ ಏಳುವುದಿಲ್ಲ.

ಹನ್ನೆರಡರಲ್ಲೂ ಐದು ವಿಷಯ ಬೇಕು. ಜೆಇಇ ಮೇನ್ ಮತ್ತು ಸಿಯುಇಟಿ ನಿಯಮಗಳಲ್ಲಿ ‘ಎನ್‌ಐಒಎಸ್ ಆದರೆ ಕನಿಷ್ಠ ಐದು ವಿಷಯ’ ಎಂದೇ ಬರೆದಿದೆ. ವಿಜ್ಞಾನಕ್ಕೆ ಇಂಗ್ಲಿಷ್ (302), ಗಣಿತ (311), ಭೌತಶಾಸ್ತ್ರ (312), ರಸಾಯನಶಾಸ್ತ್ರ (313), ಜೀವಶಾಸ್ತ್ರ (314) ಎಂದು ಹಾಕಿದರೆ ಇಂಜಿನಿಯರಿಂಗ್, ವೈದ್ಯಕೀಯ ಎರಡೂ ತೆರೆದಿರುತ್ತವೆ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಮಾತ್ರ ತೆಗೆದುಕೊಂಡರೆ ನೀಟ್‌ಗೂ ಮಣಿಪಾಲಕ್ಕೂ ಅಡಚಣೆ. ವಾಣಿಜ್ಯಕ್ಕೆ ಅಕೌಂಟೆನ್ಸಿ (320), ವ್ಯವಹಾರ ಅಧ್ಯಯನ (319), ಅರ್ಥಶಾಸ್ತ್ರ (318).

ಪಾಸಿನ ಅಂಕ ಶೇ. 33. ಅದನ್ನು ಗುರಿ ಎಂದುಕೊಳ್ಳಬೇಡಿ. ಸಿಇಟಿ ಮತ್ತು ಕಾಮೆಡ್‌-ಕೆಯಲ್ಲಿ ಇಂಜಿನಿಯರಿಂಗ್‌ಗೆ ಭೌತ–ರಸಾಯನ–ಗಣಿತ ಸೇರಿ ಶೇ. 45 ಬೇಕು, ಮೀಸಲು ವರ್ಗಕ್ಕೆ 40. ನೀಟ್‌ಗೆ ಭೌತ–ರಸಾಯನ–ಜೀವಶಾಸ್ತ್ರದಲ್ಲಿ 50, ಮೀಸಲು ವರ್ಗಕ್ಕೆ 40. ಎನ್‌ಐಟಿಗಳಿಗೆ ಹನ್ನೆರಡರಲ್ಲಿ ಶೇ. 75 ಅಥವಾ ಆ ಮಂಡಳಿಯ ಮೇಲಿನ 20 ಪರ್ಸೆಂಟೈಲ್, ಅಂದರೆ ಪಾಸಾದವರಲ್ಲಿ ಮೇಲಿನ ಐದನೇ ಒಂದು ಭಾಗದಲ್ಲಿ ಇರಬೇಕು. ಸಿಇಟಿಯ ಇಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಭಾರ ಹನ್ನೆರಡರ ಅಂಕಕ್ಕೇ ಇದೆ.

ಹಂತ 6: ಅಧ್ಯಯನ ಕೇಂದ್ರ, ಟಿಎಂಎ, ಪ್ರಾಕ್ಟಿಕಲ್

ಎನ್‌ಐಒಎಸ್ ಜಾಲತಾಣದಲ್ಲಿ ಜಿಲ್ಲಾವಾರು ಕೇಂದ್ರಗಳ ಪಟ್ಟಿ ಇದೆ. ಅರ್ಜಿ ಹಾಕುವ ಮೊದಲೇ ಖುದ್ದಾಗಿ ಹೋಗಿ ಮೂರು ಪ್ರಶ್ನೆ ಕೇಳಿ: ವಿಜ್ಞಾನದ ಪ್ರಯೋಗಾಲಯ ನಿಮ್ಮಲ್ಲೇ ಇದೆಯೇ? ಟಿಎಂಎ ಯಾವಾಗ, ಯಾರ ಕೈಗೆ ಕೊಡಬೇಕು? ಕಳೆದ ಸಲ ಈ ವಿಷಯ ತೆಗೆದುಕೊಂಡವರು ಎಷ್ಟು ಮಂದಿ? ಕಲಾ ವಿಷಯಗಳಿಗಷ್ಟೇ ಒಗ್ಗಿದ ಕೇಂದ್ರದಲ್ಲಿ ರಸಾಯನಶಾಸ್ತ್ರ ತೆಗೆದುಕೊಂಡರೆ ಟೈಟ್ರೇಶನ್ ಕಲಿಸುವವರು ಸಿಗುವುದಿಲ್ಲ.

ಟಿಎಂಎ ಎಂದರೆ ಮನೆಯಲ್ಲಿ ಬರೆದು ಸಲ್ಲಿಸುವ ಅಸೈನ್‌ಮೆಂಟ್. ಥಿಯರಿಯ ಐದನೇ ಒಂದು ಭಾಗದ ಅಂಕ ಅದಕ್ಕಿದೆ. ಸಲ್ಲಿಸದಿದ್ದರೆ ಫೇಲ್ ಮಾಡುವುದಿಲ್ಲವಾದ್ದರಿಂದ ಬಹಳ ಮಂದಿ ಉದಾಸೀನ ಮಾಡುತ್ತಾರೆ. ಶೇ. 75 ಬೇಕಾದ ಮಗುವಿಗೆ ಇದಕ್ಕಿಂತ ದುಬಾರಿ ಉದಾಸೀನ ಬೇರೆ ಇಲ್ಲ.

ಪ್ರಾಕ್ಟಿಕಲ್ ನಡೆಯುವುದು ಥಿಯರಿಗಿಂತ ಮೊದಲು, ಅದೇ ಕೇಂದ್ರದಲ್ಲಿ. ಭೌತಶಾಸ್ತ್ರದಲ್ಲಿ 80 ಥಿಯರಿಗೆ, 20 ಪ್ರಾಕ್ಟಿಕಲ್‌ಗೆ, ಎರಡರಲ್ಲೂ ಪ್ರತ್ಯೇಕವಾಗಿ ಪಾಸಾಗಬೇಕು. ಪಿಲಿಕುಳದ ವಿಜ್ಞಾನ ಕೇಂದ್ರಕ್ಕೆ ಹತ್ತು ಸಲ ಹೋಗಿ ಬಂದ ಮಗುವಿಗೂ ಬ್ಯುರೆಟ್ ಹಿಡಿದು ಅಂತ್ಯಬಿಂದು ನೋಡಿದ ಅಭ್ಯಾಸ ಇರುವುದಿಲ್ಲ. ಪರೀಕ್ಷೆಗೆ ಮೊದಲು ಎಂಟು–ಹತ್ತು ದಿನವಾದರೂ ನಿಜವಾದ ಲ್ಯಾಬಿನಲ್ಲಿ ಕೆಲಸ ಮಾಡಿಸಿ, ರೆಕಾರ್ಡ್ ಪುಸ್ತಕ ಅಲ್ಲಲ್ಲೇ ಬರೆಸಿ.

ಇನ್ನು ಕೈಬರಹ. ಚರ್ಚೆ ಮಾಡಿ, ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಕಲಿತ ಮಕ್ಕಳಿಗೆ ಮೂರು ಗಂಟೆ ಒಂದೇ ಸಮನೆ ಕೂತು ಬರೆಯುವುದು ದೊಡ್ಡ ಪರೀಕ್ಷೆ. ಉತ್ತರ ಗೊತ್ತಿದ್ದೂ ಕೊನೆಯ ಎರಡು ಪ್ರಶ್ನೆ ಬಿಟ್ಟು ಬರುತ್ತಾರೆ. ಆರು ತಿಂಗಳು ಮೊದಲೇ ಶುರುಮಾಡಿ ವಾರಕ್ಕೊಂದು ಹಳೆಯ ಪ್ರಶ್ನೆಪತ್ರಿಕೆ, ಗಡಿಯಾರ ಇಟ್ಟು, ಮಧ್ಯೆ ಚಹಾಕ್ಕೆ ಏಳದೆ. ಸಿಇಟಿಗೆ ಬೇರೆ ಅಭ್ಯಾಸ: ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಡಿತವಿಲ್ಲ, ಆದ್ದರಿಂದ ಒಂದೂ ಖಾಲಿ ಬಿಡಬಾರದು. ನೀಟ್‌ನಲ್ಲಿ ತಪ್ಪಿಗೆ ಒಂದು ಅಂಕ ಹೋಗುತ್ತದೆ.

ಹಂತ 7: ಸುರತ್ಕಲ್ ಕನಸಿದ್ದರೆ ಕೇಂದ್ರ ಕರ್ನಾಟಕದಲ್ಲೇ ಇರಲಿ

ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಅರ್ಧದಷ್ಟು ಸೀಟು ತವರು ರಾಜ್ಯಕ್ಕೆ. ಜೆಇಇಯಲ್ಲಿ ತವರು ರಾಜ್ಯ ಎಂದರೆ ಮನೆ ಇರುವ ರಾಜ್ಯವಲ್ಲ, ಹನ್ನೆರಡನೇ ತರಗತಿ ಪಾಸಾದ ರಾಜ್ಯ. ಎನ್‌ಐಒಎಸ್ ಅಭ್ಯರ್ಥಿಗಳಿಗೆ ಅಧ್ಯಯನ ಕೇಂದ್ರ ಇರುವ ರಾಜ್ಯ.

ತಲಪಾಡಿ, ಉಳ್ಳಾಲ ಕಡೆಯವರಿಗೆ ಮಂಜೇಶ್ವರ, ಕಾಸರಗೋಡಿನ ಕೇಂದ್ರ ಹತ್ತಿರ ಅನ್ನಿಸಬಹುದು. ಹೋಗುವುದು ಸುಲಭ, ಸೀಟೂ ಖಾಲಿ ಇರಬಹುದು. ಆದರೆ ಅಲ್ಲಿ ಹೆಸರು ಬರೆಸಿದರೆ ಜೆಇಇ ಲೆಕ್ಕದಲ್ಲಿ ಮಗು ಕೇರಳದ್ದು. ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದ ಸುರತ್ಕಲ್‌ನಲ್ಲಿ ಹೊರರಾಜ್ಯದ ಕೋಟಾ, ತವರು ಕೋಟಾ ದೂರದ ಕೋಯಿಕ್ಕೋಡಿನ ಎನ್‌ಐಟಿಯಲ್ಲಿ. ಗಡಿ ದಾಟುವ ಮೊದಲು ಇದೊಂದನ್ನು ನೆನಪಿಡಿ. ಹಾಗೆಯೇ, ಏಳು ವರ್ಷದ ನಿಯಮಕ್ಕೂ ಎನ್‌ಐಟಿಗೂ ಸಂಬಂಧವಿಲ್ಲ. ಸಿಇಟಿಯಲ್ಲಿ ಹೊರಗಾದ ಮಗು ಕರ್ನಾಟಕದ ಎನ್‌ಐಒಎಸ್ ಕೇಂದ್ರದಿಂದ ಹನ್ನೆರಡು ಪಾಸಾಗಿದ್ದರೆ ಎನ್‌ಐಟಿಕೆಯ ತವರು ಕೋಟಾಕ್ಕೆ ಅರ್ಹ.

ವೈದ್ಯಕೀಯ

2018ರಲ್ಲಿ ಮುಕ್ತ ಶಾಲೆಯವರನ್ನು ನೀಟ್‌ನಿಂದ ಹೊರಗಿಡುವ ಪ್ರಯತ್ನ ನಡೆದಿತ್ತು. ದೆಹಲಿ ಹೈಕೋರ್ಟ್ ಒಪ್ಪಲಿಲ್ಲ. ಮುಂದೆ ವೈದ್ಯಕೀಯ ಆಯೋಗವೇ ಮುಕ್ತ ಶಾಲೆಗಳನ್ನು ಮಾನ್ಯ ಮಾಡಿತು, 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಆ ವ್ಯಾಜ್ಯ ಮುಗಿಯಿತು. ಯಾರಾದರೂ ‘ಎನ್‌ಐಒಎಸ್‌ನವರಿಗೆ ನೀಟ್ ಇಲ್ಲ’ ಎಂದರೆ ಅದು ಹಳೆಯ ಸುದ್ದಿ.

ರಾಜ್ಯ ಕೋಟಾದ ಸರ್ಕಾರಿ ಸೀಟಿಗೆ ಮತ್ತೆ ಏಳು ವರ್ಷದ ಪ್ರಶ್ನೆ ಬರುತ್ತದೆ. ಅಖಿಲ ಭಾರತ ಕೋಟಾದ ಶೇ. 15 ಮತ್ತು ಡೀಮ್ಡ್ ಕಾಲೇಜುಗಳ ಸೀಟು ಹಂಚುವ ಕೇಂದ್ರದ ಎಂಸಿಸಿ ಕೌನ್ಸೆಲಿಂಗ್‌ಗೆ ಆ ಪ್ರಶ್ನೆ ಬರುವುದಿಲ್ಲ. ಡೀಮ್ಡ್ ಶುಲ್ಕದ ಅಂಕಿ ನೋಡಿದ ಮೇಲೆ ಹೆಚ್ಚಿನ ಪೋಷಕರು ಎರಡು ವರ್ಷ ಪಿಯು ಕಾಲೇಜಿಗೆ ಕಳಿಸುವುದು ಲೇಸು ಎಂಬ ತೀರ್ಮಾನಕ್ಕೆ ಬರುತ್ತಾರೆ. ಸರಿಯಾದ ತೀರ್ಮಾನವೇ.

ಹಂತ 8: ಪಿಯು ಸೇರುವ ದಿನ

ಬೇರೆ ಮಂಡಳಿಯಿಂದ ಬಂದವರಿಗೆ ಪಿಯು ಇಲಾಖೆಯ ಅರ್ಹತಾ ಪತ್ರ ಬೇಕು. ಕಾಲೇಜಿನವರು ‘ಆಮೇಲೆ ಮಾಡಿಸೋಣ’ ಎಂದರೂ ಡಿಡಿಪಿಯು (ಪಿಯು ಇಲಾಖೆಯ ಜಿಲ್ಲಾ ಉಪನಿರ್ದೇಶಕರ) ಕಚೇರಿಯಲ್ಲಿ ಕೇಳಿ ಮೊದಲೇ ಅರ್ಜಿ ಕೊಡಿ. ಟಿಸಿ ಎಲ್ಲಿ ಎಂದು ಕೇಳಿದರೆ, ಎನ್‌ಐಒಎಸ್ ಕೊಡುವ ಮೈಗ್ರೇಷನ್ ಪತ್ರವೇ ವರ್ಗಾವಣೆ ಪತ್ರವೂ ಹೌದು. ಪತ್ರದ ತಲೆಬರಹದಲ್ಲೇ ಎರಡೂ ಹೆಸರಿದೆ, ತೋರಿಸಿ.

ಆಫೀಸಿನಲ್ಲಿ ಹೋಮ್‌ಸ್ಕೂಲ್ ಎಂಬ ಪದದಿಂದ ಮಾತು ಶುರು ಮಾಡಬೇಡಿ. ಆ ಹೆಸರಿನ ಕಾಲಂ ಅವರ ಅರ್ಜಿಯಲ್ಲಿಲ್ಲ. ‘ಎನ್‌ಐಒಎಸ್‌ನಲ್ಲಿ ಹತ್ತನೇ ತರಗತಿ ಪಾಸಾಗಿದೆ ಸರ್’ ಎಂದರೆ ಕೆಲಸ ಮುಂದೆ ಹೋಗುತ್ತದೆ. ಪುಸ್ತಕ ಓದಿದ್ದು, ಯಕ್ಷಗಾನ ಕಲಿತದ್ದು, ರೋಬೊ ಮಾಡಿದ್ದು ಎಲ್ಲ ಸಂದರ್ಶನ ನಡೆಸುವ ಸಂಸ್ಥೆಗಳಿಗೆ ಇಟ್ಟುಕೊಳ್ಳಿ. ವಿನ್ಯಾಸ, ವಾಸ್ತುಶಿಲ್ಪ, ಮಾಧ್ಯಮ ಕೋರ್ಸುಗಳಲ್ಲಿ ಅದಕ್ಕೆ ನಿಜವಾದ ಬೆಲೆಯಿದೆ. ಪ್ರತಿ ಕೆಲಸದ ದಿನಾಂಕ, ಫೋಟೊ, ನಾಲ್ಕು ಸಾಲಿನ ವಿವರಣೆ ಆಗಾಗ ಬರೆದಿಟ್ಟಿದ್ದರೆ ಕೊನೆಯ ಗಳಿಗೆಯಲ್ಲಿ ಹುಡುಕಾಡುವುದು ತಪ್ಪುತ್ತದೆ.

ಪಿಯು ಸೇರಿದ ಮೊದಲ ಮೂರು ತಿಂಗಳು ಮಗುವಿಗೆ ಕಷ್ಟವೇ. ಬೆಳಗ್ಗೆಯಿಂದ ಸಂಜೆವರೆಗೆ ಬೆಂಚು, ಶೇ. 75 ಹಾಜರಾತಿ, ಪ್ರಶ್ನೆ ಕೇಳಲು ಬಿಡುವಿಲ್ಲದ ಪೋರ್ಷನ್. ನೀಟ್–ಜೆಇಇ ತರಬೇತಿ ಸೇರಿಸಿದ ಕಾಲೇಜಾದರೆ ರಾತ್ರಿಯೂ ಸ್ಟಡಿ. ಸಿಇಟಿ ಬೇಡವಾದ ಮಗುವಿಗೆ ಈ ಎರಡು ವರ್ಷ ಅಗತ್ಯವೇ ಇಲ್ಲ. ಬೇಕಾದ ಮಗುವಿಗೆ ತರಬೇತಿಯಿಲ್ಲದ ಸಾದಾ ಪಿಯು ಕಾಲೇಜು ಸಾಕು.

ಮೂರನೆಯ ದಾರಿಯೊಂದಿದೆ: ಕದ್ರಿಯ ಕರ್ನಾಟಕ ಪಾಲಿಟೆಕ್ನಿಕ್‌ನಂಥ ಕಡೆ ಹತ್ತರ ನಂತರ ಮೂರು ವರ್ಷದ ಡಿಪ್ಲೊಮಾ, ಬಳಿಕ ಡಿಪ್ಲೊಮಾದವರ ಸಿಇಟಿಯಾದ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇ. ಕೈಕೆಲಸದಲ್ಲಿ ಆಸಕ್ತಿಯಿರುವ ಹೋಮ್‌ಸ್ಕೂಲ್ ಮಕ್ಕಳಿಗೆ ಇದು ಪಿಯುಗಿಂತ ಚೆನ್ನಾಗಿ ಹೊಂದುತ್ತದೆ. ಹತ್ತರಲ್ಲಿ ಗಣಿತ, ವಿಜ್ಞಾನ ಇರಲೇಬೇಕು.

ಹಂತ 9: ಕಡತ

ಹೆಸರಿನ ವಿಷಯದಲ್ಲಿ ಕರಾವಳಿಯವರು ವಿಶೇಷ ಎಚ್ಚರ ವಹಿಸಬೇಕು. ಜನನ ಪತ್ರದಲ್ಲಿ ಬರೀ ಹೆಸರು, ಆಧಾರ್‌ನಲ್ಲಿ ಹಿಂದೆ ಶೆಟ್ಟಿ, ಪೂಜಾರಿ, ಭಟ್, ಡಿಸೋಜ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಸೇರಿ ಮೂರು ಪದ, ಮುಂದೆ ಊರಿನ ಇನಿಷಿಯಲ್. ಶಾಲೆಗೆ ಹೋದ ಮಕ್ಕಳಿಗೆ ಒಂದನೇ ತರಗತಿಯ ದಾಖಲೆಯೇ ಎಲ್ಲಕ್ಕೂ ಆಧಾರವಾಗುತ್ತದೆ. ಹೋಮ್‌ಸ್ಕೂಲ್ ಮಗುವಿಗೆ ಹತ್ತನೇ ತರಗತಿಯ ಮಾರ್ಕ್ಸ್‌ಕಾರ್ಡೇ ಆ ಮೊದಲ ದಾಖಲೆ. ಅದರಲ್ಲಿ ಬಂದದ್ದು ಜೀವನಪೂರ್ತಿ ಬರುತ್ತದೆ. ಎನ್‌ಐಒಎಸ್ ಅರ್ಜಿ ತುಂಬುವ ಮೊದಲು ಆಧಾರ್ ಮತ್ತು ಜನನ ಪತ್ರವನ್ನು ಅಕ್ಷರ ಅಕ್ಷರ ಒಂದೇ ಮಾಡಿಕೊಳ್ಳಿ. ತಂದೆ ತಾಯಿಯ ಹೆಸರಿನ ಕಾಗುಣಿತವೂ ಸೇರಿ.

ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ. ಅರ್ಜಿಯಲ್ಲಿ ಬೇಕಾಗುವುದು ಅದರ ಮೇಲಿನ ಆರ್‌ಡಿ ಸಂಖ್ಯೆ. ಮಗುವಿನ ಶಾಲಾ ದಾಖಲೆ ಇಲ್ಲದ ಕಡೆ ಗ್ರಾಮ ಆಡಳಿತ ಅಧಿಕಾರಿ (ಹಿಂದಿನ ಗ್ರಾಮ ಲೆಕ್ಕಿಗರು) ತಂದೆಯ ಟಿಸಿ ಕೇಳಬಹುದು, ಅದನ್ನೂ ಹುಡುಕಿಟ್ಟಿರಿ. ಹಳೆಯ ಶಾಲೆಯ ವರ್ಷಗಳಿದ್ದರೆ ಅದರ ವ್ಯಾಸಂಗ ಪತ್ರ, ಬಿಇಒ ಸಹಿಯೊಂದಿಗೆ, ಇಂದೇ ತನ್ನಿ. ಮುಖ್ಯೋಪಾಧ್ಯಾಯರು ಬದಲಾದ ಮೇಲೆ ಹೊಸಬರಿಗೆ ನಿಮ್ಮ ಮಗುವಿನ ಪರಿಚಯ ಇರುವುದಿಲ್ಲ.

ಪದವಿ ಕಾಲೇಜಿನ ಅರ್ಜಿ ಈಗ ಯುಯುಸಿಎಂಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ. ಪಟ್ಟಿಯಲ್ಲಿ ಮಂಡಳಿಯ ಹೆಸರು ಆರಿಸುವಾಗ ಅವಸರದಲ್ಲಿ ‘ಕರ್ನಾಟಕ ಪಿಯು’ ಒತ್ತಿಬಿಟ್ಟರೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತದೆ. ಸಿಇಟಿ ಬರೆದ ಬೇರೆ ಮಂಡಳಿಯವರು ಹನ್ನೆರಡರ ಅಂಕಗಳನ್ನು ಕೆಇಎ ಜಾಲತಾಣದಲ್ಲಿ ತಾವೇ ದಾಖಲಿಸಬೇಕು. ಪಿಯುನವರ ಅಂಕ ತಾನಾಗಿ ಹೋಗುತ್ತದೆ, ನಿಮ್ಮದು ಹೋಗುವುದಿಲ್ಲ. ಆ ಕಿಟಕಿ ಮುಚ್ಚಿದರೆ ಆ ವರ್ಷ ರ‍್ಯಾಂಕ್ ಇಲ್ಲ.

ಕಾಲೇಜಿಗೆ ಮೂಲ ಪ್ರತಿ ಒಪ್ಪಿಸುವ ಮುನ್ನ ಮೈಗ್ರೇಷನ್ ಪತ್ರದ ಐದು ಜೆರಾಕ್ಸ್ ಮತ್ತು ಒಂದು ಸ್ಕ್ಯಾನ್ ಮಾಡಿಸಿಕೊಳ್ಳಿ. ಮೂಲ ಇರುವುದು ಒಂದೇ. ಒಂದು ಕಾಲೇಜಿಗೆ ಕೊಟ್ಟು, ನಡುವೆ ಸಿಇಟಿಯಲ್ಲೋ ಎನ್‌ಐಟಿಗಳ ಸೀಟು ಹಂಚುವ ಜೋಸಾದಲ್ಲೋ ಬೇರೆ ಸೀಟು ಬಂದರೆ ಅದನ್ನು ವಾಪಸು ಪಡೆಯಲೇಬೇಕಾಗುತ್ತದೆ. ಹಾಗಾಗಿ ಕೊಡುವಾಗ ಯಾವ ಯಾವ ಮೂಲ ಪ್ರತಿ ಕೊಟ್ಟಿದ್ದೀರಿ ಎಂದು ಬರೆದು, ದಿನಾಂಕ ಹಾಕಿ, ಕಾಲೇಜಿನ ಸೀಲು ಒತ್ತಿಸಿಕೊಂಡ ಚೀಟಿ ಕಡತದಲ್ಲಿರಲಿ.